ಜಾತ್ರೆ ಕೆಳಗೆ, ಗರುಡ ಮೇಲೆ

ಕೊಕ್ಕಡ ಪೇಟೆಯಲ್ಲಿ ಬೆಳಿಗ್ಗೆ ಬಸ್ಸಿಗೆ ಕಾಯುವವರು ಎತ್ತ ನೋಡುತ್ತಾರೆ? ಮೊದಲು ರಸ್ತೆಯ ತಿರುವು, ಆಮೇಲೆ ಬಸ್ಸಿನ ಬೋರ್ಡು, ಬಸ್ಸು ತಡವಾದರೆ ಕೈಯ ವಾಚು. ಆಕಾಶ ನೋಡುವವರು ಕಡಿಮೆ. ನೋಡಿದರೂ ಮಳೆಗಾಲದಲ್ಲಿ, ಅದೂ ಕೊಡೆ ಬಿಚ್ಚಬೇಕೋ ಬೇಡವೋ ಎಂಬಷ್ಟರ ಮಟ್ಟಿಗೆ.

ಜಾತ್ರೆ ದಿನ ಮಾತ್ರ ಹಾಗಲ್ಲ. ಕಲಶಾಭಿಷೇಕದ ಹೊತ್ತು. ವಾದ್ಯ ಜೋರಾಗುತ್ತದೆ. ಗುಂಪಿನಲ್ಲಿ ಯಾರೋ ಒಬ್ಬ "ಅಕೋ, ಗರುಡ!" ಎಂದು ಬೆರಳು ತೋರಿಸುತ್ತಾನೆ. ಅಷ್ಟೇ, ಸಾವಿರ ಕತ್ತು ಒಟ್ಟಿಗೆ ಮೇಲೆ. ಚಪ್ಪಲಿ ಬಿಟ್ಟು ಕೈ ಮುಗಿಯುವವರು ಕೆಲವರು, ಮೊಬೈಲು ಎತ್ತಿ ಹಿಡಿಯುವವರು ಹಲವರು. ಮರುದಿನದ ಪೇಪರಿನಲ್ಲಿ 'ಗರುಡ ಪ್ರದಕ್ಷಿಣೆ, ಭಕ್ತರಿಗೆ ಪುಳಕ' ಎಂದು ಸುದ್ದಿ ಬರುತ್ತದೆ. ತುಳುನಾಡಿನಲ್ಲಿ ಬ್ರಹ್ಮಕಲಶ ಆಗಿಯೂ ಗರುಡ ಕಾಣದೆ ಹೋದರೆ ಸಮಿತಿಯವರ ಮುಖ ಸ್ವಲ್ಪ ಸಪ್ಪಗಾಗುವುದುಂಟು. ಊಟ, ಚಪ್ಪರ, ಮೈಕು ಎಲ್ಲ ಸರಿ ಇತ್ತು ಮಾರಾಯ್ರೆ, ಆದರೆ ಗರುಡ ಒಂದು ಬರಲಿಲ್ಲ ಎಂಬ ಮಾತು ಅಡಿಕೆ ಅಂಗಡಿಯ ಕಟ್ಟೆಯಲ್ಲಿ ವಾರವಿಡೀ ಸುತ್ತುತ್ತದೆ.

ಈಗ ಅಂಥದೇ ಕಾಲ. ಡಿಸೆಂಬರಿನಲ್ಲಿ ಧನು ಸಂಕ್ರಮಣದ ಹೊತ್ತಿಗೆ ಕೊಕ್ಕಡ ವೈದ್ಯನಾಥೇಶ್ವರ ದೇವಸ್ಥಾನದ ಕೋರಿ ಜಾತ್ರೆ. ದೇವರ ಗದ್ದೆಗೆ ಸೊಪ್ಪು ಹಾಕುವ ಹರಕೆಗೆ ಜನ ದೂರದೂರದಿಂದ ಬರುತ್ತಾರೆ. ಅದು ಮುಗಿದು ಮಾಘ ಬಂತೆಂದರೆ ಉಪ್ಪಿನಂಗಡಿಯಲ್ಲಿ ಮಖೆ ಜಾತ್ರೆ. ಹುಣ್ಣಿಮೆ ಮಖೆ, ಅಷ್ಟಮಿ ಮಖೆ, ಶಿವರಾತ್ರಿ ಮಖೆ ಎಂದು ಮೂರು ಸಲ. ನೇತ್ರಾವತಿ ಮತ್ತು ಕುಮಾರಧಾರೆ ಕೂಡುವ ಜಾಗದಲ್ಲಿ ಸಹಸ್ರಲಿಂಗೇಶ್ವರನ ಸನ್ನಿಧಿ. ನದಿ ಇಳಿದು ಮರಳು ತೆರೆದಿರುತ್ತದೆ, ಚಳಿಯಲ್ಲಿ ನಡುಗುತ್ತಾ ತೀರ್ಥಸ್ನಾನ, ಹೊಳೆಯ ಮಧ್ಯದ ಉದ್ಭವ ಲಿಂಗಕ್ಕೆ ನಮಸ್ಕಾರ, ಆಮೇಲೆ ಸಂತೆ. ಕೊಕ್ಕಡದವರಿಗೆ ಪೆರಿಯಶಾಂತಿಗೆ ಬಂದು ಹೆದ್ದಾರಿ ಹಿಡಿದರೆ ನೆಲ್ಯಾಡಿ ದಾಟಿ ನೇರ ಉಪ್ಪಿನಂಗಡಿ. ಮಖೆಗೆ ಹೋಗದ ಮನೆ ಈ ಕಡೆ ಕಮ್ಮಿ.

ಹೋದವರು ಬಳೆ, ಬೆಂಡು, ಬತ್ತಾಸು ನೋಡಿ ಬರುತ್ತಾರೆ. ಮೇಲೆ ನಡೆಯುವ ಇನ್ನೊಂದು ಜಾತ್ರೆಗೆ ಟಿಕೆಟ್ಟಿಲ್ಲ, ನೂಕುನುಗ್ಗಲಿಲ್ಲ. ಆದ್ದರಿಂದಲೋ ಏನೋ, ಅದನ್ನು ನೋಡುವವರೂ ಇಲ್ಲ.

ಕರೆಯದೆ ಬರುವ ನೆಂಟ

ನಾವು ಗರುಡ ಎನ್ನುವ ಹಕ್ಕಿ ಗಾತ್ರದಲ್ಲಿ ದೊಡ್ಡದೇನಲ್ಲ. ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಮೊಳ ಉದ್ದ, ಸುಮಾರು 48 ಸೆಂಟಿಮೀಟರ್. ತಲೆ, ಕುತ್ತಿಗೆ, ಎದೆ ಬಿಳಿ. ಉಳಿದ ಮೈ ಹೊಸ ಹೆಂಚಿನ ಬಣ್ಣ. ಬಿಸಿಲಿಗೆ ಓರೆಯಾದಾಗ ಆ ಕೆಂಪು ಹೊಳೆಯುವುದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ವಿಷ್ಣುವಿನ ವಾಹನ ಎಂದು ಹಿರಿಯರು ಇದನ್ನೇ ಆರಿಸಿದ್ದು ಸುಮ್ಮನೆ ಇರಲಿಕ್ಕಿಲ್ಲ.

ಇದು ಎಲ್ಲಿಂದಲೋ ಬರುವುದಲ್ಲ. ಇಲ್ಲಿಯದೇ ಹಕ್ಕಿ. ಹೊಳೆ, ಕೆರೆ, ಗದ್ದೆ, ಮೀನು ಬಂದರು, ಎಲ್ಲಿ ನೀರೋ ಅಲ್ಲಿ ಅದರ ಸಂಸಾರ. ಮಂಗಳೂರಿನ ಬಂದರಿಗೆ ಹೋದವರು ದೋಣಿಗಳ ಮೇಲೆ ಡಜನುಗಟ್ಟಲೆ ನೋಡಿರಬಹುದು. ಮೀನು, ಏಡಿ, ಕಪ್ಪೆ, ಸತ್ತು ತೇಲಿದ್ದು, ಯಾವುದೂ ಅದಕ್ಕೆ ಮೈಲಿಗೆಯಲ್ಲ.

ಹಾಗಾದರೆ ಸರಿಯಾಗಿ ಅಭಿಷೇಕದ ಹೊತ್ತಿಗೇ ಹೇಗೆ ಬರುತ್ತದೆ? ಇದಕ್ಕೆ ಉತ್ತರ ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು, ಬರಬೇಕಾಗಿಲ್ಲ. ಗರುಡ, ಹದ್ದು, ಗಿಡುಗಗಳಿಗೆ ರೆಕ್ಕೆ ಬಡಿದು ಮೇಲೇರುವುದು ದುಬಾರಿ ಬಾಬ್ತು. ನಮ್ಮ ಲಾರಿಯವರು ಇಳಿಜಾರಿನಲ್ಲಿ ಡೀಸೆಲ್ ಉಳಿಸುವ ಹಾಗೆ ಅವು ಬಿಸಿ ಗಾಳಿಗೆ ಕಾಯುತ್ತವೆ. ಬೆಳಿಗ್ಗೆ ಒಂಬತ್ತು, ಹತ್ತರ ಬಿಸಿಲಿಗೆ ನೆಲ ಕಾದು ಗಾಳಿ ಮೇಲಕ್ಕೇಳುತ್ತದೆ. ಗದ್ದೆ, ಬಯಲು, ಹೊಳೆಯ ಮರಳು ಬೇಗ ಕಾಯುತ್ತವೆ, ಕಾಡು ತಡ. ಆ ಏರುಗಾಳಿಯೊಳಗೆ ಹೊಕ್ಕ ಹಕ್ಕಿ ರೆಕ್ಕೆ ಅಲುಗಿಸದೆ ಸುತ್ತು ಸುತ್ತಾಗಿ ಮೇಲೇರುತ್ತದೆ. ಇದೇ ನಾವು ಹೇಳುವ ಪ್ರದಕ್ಷಿಣೆ. ಬ್ರಹ್ಮಕಲಶದ ಲಗ್ನ ಬಹಳ ಸಲ ಬೀಳುವುದೂ ಅದೇ ಹೊತ್ತಿಗೆ, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದೊಳಗೆ.

ತಿಂಗಳಿನ ಲೆಕ್ಕವೂ ಕೂಡಿಬರುತ್ತದೆ. ಗರುಡ ಗೂಡು ಕಟ್ಟುವುದು ಡಿಸೆಂಬರಿನಿಂದ ಏಪ್ರಿಲ್ ನಡುವೆ. ಜೋಡಿ ಹಕ್ಕಿಗಳು ಗೂಡಿನ ಆಸುಪಾಸಿನಲ್ಲಿ ಸುತ್ತುವುದು, ಕೂಗುವುದು, ಕಡ್ಡಿ ಹೊರುವುದು ಎಲ್ಲ ಆಗಲೇ. ನಮ್ಮ ಜಾತ್ರೆ, ನೇಮ, ಕಂಬಳಗಳ ಭರಾಟೆಯೂ ಆಗಲೇ. ಅಂದರೆ ಜಾತ್ರೆಗೆ ಗರುಡ ಬರುವುದು ನಿಜವೇ. ಆದರೆ ಗರುಡ ಇರುವ ಜಾಗಕ್ಕೆ ಜಾತ್ರೆ ಬಂದಿದೆ ಎಂದರೂ ಅಷ್ಟೇ ನಿಜ. ದೇವಸ್ಥಾನ ಕಟ್ಟಿದವರು ಹೊಳೆ ಬದಿ ನೋಡಿ, ದೊಡ್ಡ ಮರ ನೋಡಿ ಕಟ್ಟಿದರು. ಹಕ್ಕಿಗೂ ಬೇಕಾದದ್ದು ಅದೇ ಎರಡು.

ಕೇರಳದಲ್ಲಿಯೂ ಇದೇ ಹಕ್ಕಿಗೆ ಇದೇ ಮರ್ಯಾದೆ. ಶಬರಿಮಲೆಗೆ ಮಾಲೆ ಹಾಕಿದವರಿಗೆ ಇದು ಗೊತ್ತೇ ಉಂಟು. ಜನವರಿಯಲ್ಲಿ ಪಂದಳದಿಂದ ತಿರುವಾಭರಣ ಹೊರಡುವಾಗ ಮೇಲೆ ಕೃಷ್ಣಪರುಂದು ಸುತ್ತಬೇಕು. ಎರುಮೇಲಿಯಲ್ಲಿ ಅಂಬಲಪ್ಪುಳದವರ ಪೇಟೆ ತುಳ್ಳಲ್ ಶುರುವಾಗುವುದೂ ಅದು ಕಂಡ ಮೇಲೆಯೇ. ಕೃಷ್ಣಪರುಂದು ಎಂದರೆ ನಮ್ಮ ಗರುಡನೇ, ಬೇರೆ ಅಲ್ಲ.

ಬಾಲ ನೋಡಿ ಹೇಳಿ

ಕಂಡದ್ದೆಲ್ಲ ಗರುಡ ಅಲ್ಲ ಎಂಬುದನ್ನೂ ಹೇಳಬೇಕು. ಪೇಪರಿನಲ್ಲಿ ಗರುಡ ಎಂದು ಬಂದ ಎಷ್ಟೋ ಫೋಟೋಗಳಲ್ಲಿ ಇರುವುದು ಬರೀ ಹದ್ದು. ಕೋಳಿಮರಿ ಎತ್ತುತ್ತದೆ ಎಂದು ಹಳ್ಳಿಯಲ್ಲಿ ಬೈಸಿಕೊಳ್ಳುವ, ಪೇಟೆಯ ಕಸದ ರಾಶಿ ಮೇಲೆ ಸುತ್ತುವ ಕಂದು ಹಕ್ಕಿ. ವ್ಯತ್ಯಾಸ ತಿಳಿಯಲು ದುರ್ಬೀನು ಬೇಡ. ಬಾಲ ನೋಡಿದರೆ ಆಯಿತು. ಹದ್ದಿನ ಬಾಲ ಮಧ್ಯದಲ್ಲಿ ಕತ್ತರಿಸಿದ ಹಾಗೆ ಕವೆಯಾಗಿರುತ್ತದೆ. ಗರುಡನದು ಬೀಸಣಿಗೆಯ ಹಾಗೆ ಗುಂಡು.

ಕಾಡಿನ ಕಡೆಯಿಂದ ಉದ್ದ ಸೀಟಿ ಹಾಕಿದಂತೆ ಕೂಗು ಕೇಳಿದರೆ ಅದು ಹಾವು ಗಿಡುಗ. ಶಿಶಿಲ, ಶಿರಾಡಿ ಕಡೆ ಘಟ್ಟದ ಬುಡದಲ್ಲಿ ಇದು ಸಾಮಾನ್ಯ. ರೆಕ್ಕೆಯ ಅಡಿಯಲ್ಲಿ ಅಗಲವಾದ ಬಿಳಿ ಪಟ್ಟಿ ಕಾಣುತ್ತದೆ. ಕಟಾವಾದ ಗದ್ದೆಯ ಮೇಲೆ ಆಳೆತ್ತರದಲ್ಲಿ, ಏನನ್ನೋ ಕಳೆದುಕೊಂಡು ಹುಡುಕುವವರ ಹಾಗೆ ಅತ್ತಿತ್ತ ತೂಗುತ್ತಾ ಹೋಗುವುದು ಸೆಳೆವ. ಇದು ಚಳಿಗಾಲಕ್ಕೆ ಉತ್ತರದಿಂದ ಬರುವ ನೆಂಟ. ಮೊದಲೆಲ್ಲ ಕೊಕ್ಕಡದ ಬೈಲುಗಳಲ್ಲಿ ಅದಕ್ಕೆ ಬೇಕಾದಷ್ಟು ಗದ್ದೆ ಇತ್ತು. ಗದ್ದೆ ಅಡಿಕೆ ತೋಟವಾಯಿತು, ಗುಡ್ಡ ರಬ್ಬರ್ ತೋಟವಾಯಿತು. ರಬ್ಬರ್ ಮರದ ಕೆಳಗೆ ಸೆಳೆವಕ್ಕೆ ಎಂತ ಕೆಲಸ?

ಇವೆಲ್ಲಕ್ಕಿಂತ ಮಖೆಯ ಹೊಳೆಗೆ ತಕ್ಕ ಹಕ್ಕಿ ಮೀನು ಡೇಗೆ. ಇದೂ ವಲಸೆಯದು. ಹಿಮಾಲಯದಾಚೆಯ ಚಳಿ ದೇಶಗಳಿಂದ ಮಳೆಗಾಲ ಮುಗಿದ ಮೇಲೆ ಬಂದು ಬೇಸಗೆ ಏರುವಾಗ ವಾಪಸು. ಜೀವ ಇರುವ ಮೀನು ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ ಎಂದರೆ ಸರಿ. ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಕಾಲು ಮುಂದೆ ಚಾಚಿ ಧುಮುಕುತ್ತದೆ. ಒಮ್ಮೊಮ್ಮೆ ಪೂರ್ತಿ ಮುಳುಗಿಯೇ ಹೋಗುತ್ತದೆ. ಏಳುವಾಗ ಕಾಲಲ್ಲಿ ಮೀನು. ಅದರ ಪಾದದ ಅಡಿ ಉಪ್ಪುಕಾಗದದ ಹಾಗೆ ಮುಳ್ಳುಮುಳ್ಳು, ಹೊರ ಬೆರಳನ್ನು ಹಿಂದಕ್ಕೂ ತಿರುಗಿಸಬಲ್ಲದು, ಆದ್ದರಿಂದ ಹಿಡಿದದ್ದು ಜಾರುವುದಿಲ್ಲ. ಇನ್ನೊಂದು ತಮಾಷೆ: ಹಿಡಿದ ಮೀನನ್ನು ಅಡ್ಡಡ್ಡ ಒಯ್ಯುವುದಿಲ್ಲ, ತಲೆ ಮುಂದಾಗಿ ನೇರ ತಿರುಗಿಸಿಕೊಳ್ಳುತ್ತದೆ. ಗಾಳಿಯ ತಡೆ ಕಡಿಮೆ ಮಾಡುವ ಉಪಾಯ. ಬೈಕಿನಲ್ಲಿ ಏಣಿ ಸಾಗಿಸುವವರು ಕಲಿಯಬಹುದು.

ಹತ್ತು ಗಂಟೆಯಿಂದ ಹನ್ನೊಂದೂವರೆ ಒಳಗೆ ಉಪ್ಪಿನಂಗಡಿಯಲ್ಲಿ ಹೊಳೆ ಬದಿ ಅರ್ಧ ಗಂಟೆ ನಿಂತು ನೋಡಿದರೆ ಸಾಕು. ಸೂರ್ಯ ಬೆನ್ನ ಹಿಂದೆ ಇರಲಿ, ಇಲ್ಲದಿದ್ದರೆ ಎಲ್ಲ ಹಕ್ಕಿಯೂ ಕಪ್ಪೇ. ಕುಮಾರಧಾರಾ ಸೇತುವೆ ಮೇಲೆ ಮಾತ್ರ ನಿಲ್ಲಬೇಡಿ, ಹೆದ್ದಾರಿಯ ಲಾರಿಗಳು ಹಕ್ಕಿ ನೋಡುವವರನ್ನು ನೋಡುವುದಿಲ್ಲ.

ಮೀನು ಇದ್ದರೆ ತಾನೆ

ಹಕ್ಕಿಯ ವಿಷಯ ಹಿಡಿದರೆ ಮೀನಿನ ವಿಷಯ ಬಾರದೆ ಇರುವುದಿಲ್ಲ. ಕೊಕ್ಕಡದಿಂದ ಅರಸಿನಮಕ್ಕಿ ದಾರಿಯಾಗಿ ಶಿಶಿಲಕ್ಕೆ ಹೋದರೆ ಕಪಿಲಾ ನದಿಯ ದಡದಲ್ಲಿ ಶಿಶಿಲೇಶ್ವರ. ಅಲ್ಲಿಯ ನೀರಿನಲ್ಲಿ ಆಳುದ್ದದ್ದೇ ಎನ್ನುವಂತೆ ಕಾಣುವ ಪೆರುವೊಳು ಮೀನುಗಳು, ದೇವರ ಮೀನು ಎಂದೇ ಹೆಸರು. ಯಾರೂ ಹಿಡಿಯುವುದಿಲ್ಲ. ಬಂದವರು ಅಕ್ಕಿ, ಹೊದಳು ಹಾಕಿದರೆ ನೀರೇ ಕುದಿದ ಹಾಗೆ ಮೇಲೆ ಬರುತ್ತವೆ. 1996ರಲ್ಲಿ ಕಿಡಿಗೇಡಿಗಳು ಆ ಮಡುವಿಗೆ ವಿಷ ಹಾಕಿದರು. ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಸತ್ತ ಮೀನುಗಳಿಗೆ ಅಲ್ಲಿ ಒಂದು ಸ್ಮಾರಕ ಉಂಟು. ಮನುಷ್ಯರಿಗೆ, ಕುದುರೆಗೆ, ನಾಯಿಗೆ ಕಲ್ಲು ನೆಟ್ಟದ್ದು ಕರ್ನಾಟಕದಲ್ಲಿ ಬಹಳ ಕಡೆ ಸಿಗುತ್ತದೆ. ಮೀನಿಗೆ ನೆಟ್ಟದ್ದು ಸಿಗುವುದು ಅಪರೂಪ, ಶಿಶಿಲದವರು ಅದನ್ನು ಮಾಡಿದ್ದಾರೆ.

ದೇವರ ಮೀನಿಗೆ ಹೀಗಾದರೆ ದೇವಸ್ಥಾನದಿಂದ ಕೆಳಗಿನ ಕಯಗಳಲ್ಲಿರುವ ಹೇಳುವವರು ಕೇಳುವವರಿಲ್ಲದ ಮೀನಿನ ಗತಿ ಏನು? ಬೇಸಗೆಯಲ್ಲಿ ನೀರು ಗುಂಡಿಗಳಿಗೆ ಇಳಿದಾಗ ತೋಟೆ ಹಾಕುವುದು, ಮದ್ದು ಬೆರೆಸುವುದು ಹೊಳೆ ಬದಿಯವರಿಗೆಲ್ಲ ಗೊತ್ತಿರುವ ಕಸುಬು. ಒಂದು ತೋಟೆಗೆ ದೊಡ್ಡದೂ ಹೋಗುತ್ತದೆ, ಮೊಟ್ಟೆಯೂ ಹೋಗುತ್ತದೆ. ಎತ್ತಿಕೊಂಡು ಹೋಗುವುದು ದೊಡ್ಡದನ್ನು ಮಾತ್ರ. ಮೀನು ಡೇಗೆ ಮರುವರ್ಷ ಬಂದು ಎರಡು ಸುತ್ತು ಹಾಕಿ, ಏನೂ ಕಾಣದೆ ಮುಂದಕ್ಕೆ ಹೋಗುತ್ತದೆ. ಅದು ಅರ್ಜಿ ಕೊಡುವುದಿಲ್ಲ, ಸುಮ್ಮನೆ ಬರುವುದು ನಿಲ್ಲಿಸುತ್ತದೆ.

ಕೊಕ್ಕಡಕ್ಕೆ ಆಕಾಶದ ಇನ್ನೊಂದು ಲೆಕ್ಕ ಬಾಕಿ ಉಂಟು. 1980ರ ದಶಕದಿಂದ ಸುಮಾರು ಇಪ್ಪತ್ತು ವರ್ಷ ಈ ಊರಿನವರು ತಲೆ ಎತ್ತಿ ನೋಡಿದ್ದು ಗರುಡನನ್ನಲ್ಲ, ಹೆಲಿಕಾಪ್ಟರನ್ನು. ಗೇರು ಅಭಿವೃದ್ಧಿ ನಿಗಮದ ತೋಟಗಳಲ್ಲಿ ಚಹಾ ಸೊಳ್ಳೆ ಎಂಬ ಕೀಟಕ್ಕೆ ಮೇಲಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಮಕ್ಕಳು ಹೆಲಿಕಾಪ್ಟರ್ ನೋಡಲು ಓಡಿದರು. ಗಾಳಿಗೆ ಮದ್ದು ಬಾವಿ, ತೋಡು, ಅಂಗಳ ಎಂದು ನೋಡುವುದುಂಟೇ? ಅದು ಮೀನಿಗೆ ಅತಿ ಘೋರ ವಿಷ, ಎಳ್ಳಷ್ಟು ಸಾಕು. ಮನುಷ್ಯರಿಗೆ ಏನಾಯಿತು ಎಂಬುದನ್ನು ಕೊಕ್ಕಡ, ಪಟ್ರಮೆ, ನಿಡ್ಲೆಯವರಿಗೆ ಪೇಪರಿನಲ್ಲಿ ಓದಿ ತಿಳಿಯಬೇಕಾಗಿಲ್ಲ. ಹಾಸಿಗೆ ಬಿಟ್ಟು ಏಳದ ಮಕ್ಕಳನ್ನು ಮೂವತ್ತು ವರ್ಷ ಎತ್ತಿ ಆಡಿಸಿದ ತಾಯಂದಿರು ಇಲ್ಲಿ ಇದ್ದಾರೆ. ಹೋರಾಟ ನಡೆಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ಅನ್ವಯಿಸುವಂತೆ ತಡೆ ಹಾಕಿತು. ಸಂತ್ರಸ್ತರಿಗೆ ಕೊಕ್ಕಡದಲ್ಲಿ, ಕೊಯಿಲದಲ್ಲಿ ಪಾಲನಾ ಕೇಂದ್ರ ಆಯಿತು, ಮಾಸಾಶನ ಬಂತು. ಬಂದದ್ದು ಸಾಕೇ ಎಂದು ಕೇಳಿದರೆ ಆ ಮನೆಗಳವರು ಉತ್ತರ ಹೇಳುವುದಿಲ್ಲ, ಒಳಗೆ ಕರೆದು ತೋರಿಸುತ್ತಾರೆ.

ಇದೇ ಕಥೆಯ ಇನ್ನೊಂದು ಅಧ್ಯಾಯ ಅಮೆರಿಕದಲ್ಲಿ ನಡೆದಿದೆ, ಅಲ್ಲಿ ಸಿಕ್ಕಿಬಿದ್ದದ್ದು ಹಕ್ಕಿ. 1782ರಿಂದ ಆ ದೇಶದ ಲಾಂಛನದಲ್ಲಿರುವ ಬಿಳಿತಲೆಯ ಹದ್ದು ನಮ್ಮ ಕರಾವಳಿಯ ಕಡಲ ಹದ್ದಿಗೆ ದಾಯಾದಿ. ಹೊಲಕ್ಕೆ, ಸೊಳ್ಳೆಗೆ ಹೊಡೆದ ಡಿಡಿಟಿ ಹೊಳೆಗೆ ಇಳಿಯಿತು, ಹೊಳೆಯಿಂದ ಮೀನಿಗೆ, ಮೀನಿನಿಂದ ಹದ್ದಿಗೆ. ಪ್ರತಿ ಮೆಟ್ಟಿಲಿಗೂ ವಿಷ ದಪ್ಪವಾಗುತ್ತಾ ಹೋಯಿತು. ಹದ್ದಿನ ಮೊಟ್ಟೆಯ ಚಿಪ್ಪು ಎಷ್ಟು ತೆಳುವಾಯಿತೆಂದರೆ ಕಾವಿಗೆ ಕೂತರೆ ಒಡೆಯಿತು. ಅಲಾಸ್ಕ, ಹವಾಯಿ ಬಿಟ್ಟು ಉಳಿದ ದೇಶದಲ್ಲಿ 1963ರ ಲೆಕ್ಕಕ್ಕೆ ಸಿಕ್ಕಿದ್ದು 417 ಜೋಡಿ. 1972ರಲ್ಲಿ ಡಿಡಿಟಿ ನಿಷೇಧ ಆಯಿತು. ಹಕ್ಕಿ ಚೇತರಿಸಿಕೊಂಡು 2007ರಲ್ಲಿ ಅಳಿವಿನ ಪಟ್ಟಿಯಿಂದ ಹೊರಗೆ ಬಂತು. ಈಗ ಮಿಸಿಸಿಪ್ಪಿ ನದಿ ದಡದ ಕಿಯೋಕಕ್ ಮುಂತಾದ ಊರುಗಳಲ್ಲಿ ಚಳಿಗಾಲಕ್ಕೆ ಹದ್ದು ನೋಡುವ ಹಬ್ಬವೇ ನಡೆಯುತ್ತದೆ. ನದಿ ಹೆಪ್ಪುಗಟ್ಟಿದಾಗ ಅಣೆಕಟ್ಟಿನ ಕೆಳಗೆ ಮಾತ್ರ ನೀರು ತೆರೆದಿರುತ್ತದೆ, ಮೀನಿಗೆ ಹದ್ದುಗಳೆಲ್ಲ ಅಲ್ಲಿಗೇ ಬರುತ್ತವೆ, ಹದ್ದಿಗೆ ಜನ ಬರುತ್ತಾರೆ. ಹೋಟೆಲಿನವರಿಗೆ, ಅಂಗಡಿಯವರಿಗೆ ಚಳಿಗಾಲದ ವ್ಯಾಪಾರ. ಅವರು ಹಕ್ಕಿಗೆಂದೇ ಜಾತ್ರೆ ಮಾಡಿಕೊಂಡರು. ನಮ್ಮಲ್ಲಿ ಜಾತ್ರೆ ಮೊದಲೇ ಇತ್ತು, ಹಕ್ಕಿಯೂ ಇತ್ತು.

ಇದ್ದದ್ದು ಇಲ್ಲವಾಗುವುದಕ್ಕೆ ಬಹಳ ಕಾಲ ಬೇಡ. ತಮಿಳುನಾಡಿನ ಚೆಂಗಲ್ಪಟ್ಟಿನ ಹತ್ತಿರ ತಿರುಕ್ಕಳುಕುಂಡ್ರಂ ಎಂಬ ಕ್ಷೇತ್ರ. ಹೆಸರೇ ಹದ್ದಿನ ಬೆಟ್ಟ. ಪ್ರತಿದಿನ ಮಧ್ಯಾಹ್ನ ಎರಡು ಬಿಳಿ ರಣಹದ್ದು ಬಂದು ಅರ್ಚಕರ ಕೈಯಿಂದ ಪೊಂಗಲ್ ತಿಂದು ಹೋಗುತ್ತಿದ್ದವು. ಯಾತ್ರೆ ಬಸ್ಸಿನಲ್ಲಿ ಹೋಗಿ ಕಣ್ಣಾರೆ ಕಂಡ ಹಿರಿಯರು ನಮ್ಮ ಜಿಲ್ಲೆಯಲ್ಲೂ ಇದ್ದಾರು. 1990ರ ದಶಕದ ಕೊನೆಗೆ ಅವು ಬರುವುದು ನಿಂತುಹೋಯಿತು. ದೇವಸ್ಥಾನ ಇದೆ, ಬೆಟ್ಟ ಇದೆ. ದೇಶದ ತುಂಬ ರಣಹದ್ದು ಸತ್ತುಹೋದದ್ದು ಜಾನುವಾರಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದಿನಿಂದ ಎಂದು ಗೊತ್ತಾದದ್ದು 2004ರಲ್ಲಿ, ಜಾನುವಾರಿಗೆ ಅದನ್ನು ಕೊಡಬಾರದೆಂದು ಸರಕಾರ ನಿಷೇಧಿಸಿದ್ದು 2006ರಲ್ಲಿ. ಅಷ್ಟರೊಳಗೆ ಕೋಟಿಗಟ್ಟಲೆ ಹಕ್ಕಿ ಮಣ್ಣಾಗಿತ್ತು.

ಗೂಡಿನ ಮರ

ಗರುಡನಿಗೆ ಇನ್ನೂ ಆ ಗತಿ ಬಂದಿಲ್ಲ. ಆದರೆ ಅದಕ್ಕೆ ಕೂರಲಿಕ್ಕೆ, ಗೂಡಿಡಲಿಕ್ಕೆ ಎತ್ತರದ ಮರ ಬೇಕು. ಅಶ್ವತ್ಥ, ಮಾವು, ಕೆಲವು ಕಡೆ ತೆಂಗಿನ ಮರವೂ ಆದೀತು. ಒಮ್ಮೆ ಒಪ್ಪಿದ ಮರಕ್ಕೆ ವರ್ಷ ವರ್ಷ ಬರುವ ಹಕ್ಕಿ ಅದು. ಬಿ.ಸಿ. ರೋಡಿನಿಂದ ಅಡ್ಡಹೊಳೆವರೆಗೆ ಹೆದ್ದಾರಿ ಅಗಲ ಮಾಡುವಾಗ ದಾರಿಯುದ್ದಕ್ಕೂ ನೆರಳು ಕೊಡುತ್ತಿದ್ದ ಹಳೆ ಮರಗಳು ಹೋದವು. ರಸ್ತೆ ಬೇಡ ಎಂದು ಯಾರೂ ಹೇಳುವುದಿಲ್ಲ. ಹೊಂಡದಲ್ಲಿ ಬಸ್ಸಿನೊಳಗೆ ತಲೆ ಕುಟ್ಟಿಸಿಕೊಂಡವರಿಗೆ ರಸ್ತೆಯ ಬೆಲೆ ಗೊತ್ತುಂಟು. ಆದರೆ ಕಡಿದ ಮರದ ಲೆಕ್ಕ ಪುಸ್ತಕದಲ್ಲಿ ಎಷ್ಟು ಬೇಗ ಬರೆಯಲಾಗುತ್ತದೋ, ನೆಟ್ಟ ಸಸಿಯಲ್ಲಿ ಗರುಡ ಗೂಡಿಡುವಷ್ಟು ಎತ್ತರ ಆಗುವುದು ಅಷ್ಟೇ ತಡ. ಹಾಗಾಗಿ ಈಗ ಉಳಿದ ದೊಡ್ಡ ಮರಗಳು ಹೆಚ್ಚಿನವು ದೇವಸ್ಥಾನದ ವಠಾರದಲ್ಲಿ, ನಾಗಬನದಲ್ಲಿ, ಹೊಳೆ ಬದಿಯಲ್ಲಿ. ಅದನ್ನೂ ಕೆಲವು ಕಡೆ ಜೀರ್ಣೋದ್ಧಾರ ಸಮಿತಿಯವರೇ ಇಂಟರ್‌ಲಾಕ್ ಹಾಕಲಿಕ್ಕೆ, ಸಭಾಭವನ ಕಟ್ಟಲಿಕ್ಕೆ ಕಡಿಸುತ್ತಾರೆ. ಗೂಡಿನ ಮರ ಕಡಿಸಿ ಬ್ರಹ್ಮಕಲಶಕ್ಕೆ ಗರುಡ ಬರಲಿಲ್ಲ ಎಂದರೆ ಅದು ಎಲ್ಲಿಯ ನ್ಯಾಯ ಸ್ವಾಮಿ?

ಕದಿನದ್ದೂ ಇಷ್ಟೇ. ಜನವರಿ, ಫೆಬ್ರವರಿಯಲ್ಲಿ ಗೂಡಿನಲ್ಲಿ ಮೊಟ್ಟೆ ಇರುತ್ತದೆ, ಸಾಮಾನ್ಯವಾಗಿ ಎರಡು, ನಾಲ್ಕು ವಾರದ ಹತ್ತಿರ ಕಾವು. ಮರದ ಬುಡದಲ್ಲೇ ಕದಿನ ಸಿಡಿಸಿದರೆ ತಾಯಿ ಹಕ್ಕಿ ಎದ್ದು ಹೋಗುತ್ತದೆ, ಕಾಗೆ ಕಾಯುತ್ತಲೇ ಇರುತ್ತದೆ. ಸಿಡಿಮದ್ದಿನ ಜಾಗವನ್ನು ಗದ್ದೆಯ ಆಚೆ ಕೊನೆಗೆ ಸರಿಸಿದರೆ ಜಾತ್ರೆಯ ಗೌಜಿ ಏನೂ ಕಮ್ಮಿ ಆಗುವುದಿಲ್ಲ, ಸಮಿತಿಗೆ ಖರ್ಚೂ ಇಲ್ಲ.

ಕೊಕ್ಕಡದ ಸೌತಡ್ಕದಲ್ಲಿ ಗಣಪತಿಗೆ ಗುಡಿಯೇ ಇಲ್ಲ. ಮಾಡು ಇಲ್ಲ, ಗೋಡೆ ಇಲ್ಲ, ಹರಕೆಯ ಗಂಟೆಗಳ ಸಾಲು, ಮೇಲೆ ಆಕಾಶ. ಅಲ್ಲಿ ಕೈ ಮುಗಿದು ತಲೆ ಎತ್ತಿದರೆ ಅಡ್ಡ ಏನೂ ಇಲ್ಲ, ನೋಡಬಹುದು.

ಮಾರ್ಚ್, ಏಪ್ರಿಲ್ ದಾಟಿದರೆ ಮೀನು ಡೇಗೆ, ಸೆಳೆವ ಎಲ್ಲ ಉತ್ತರಕ್ಕೆ ಹೊರಟಿರುತ್ತವೆ. ಬೇಶದ ಹತ್ತಕ್ಕೆ ಪತ್ತನಾಜೆ. ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಜಾತ್ರೆ ಮುಗಿಯುತ್ತದೆ. ಆ ಹೊತ್ತಿಗೆ ಗರುಡನ ಮರಿ ಗೂಡು ಬಿಟ್ಟು ಹೊಳೆ ಬದಿಯ ಮರದಲ್ಲಿ ಕೂತಿರುತ್ತದೆ. ಅದಕ್ಕೆ ಬಿಳಿ ತಲೆ ಇರುವುದಿಲ್ಲ, ಕೆಂಪು ಮೈ ಇರುವುದಿಲ್ಲ. ಪೂರಾ ಕಂದು, ಹದ್ದಿನ ಹಾಗೆಯೇ. ನಿಜವಾದ ಬಣ್ಣ ಬರಲಿಕ್ಕೆ ಇನ್ನೂ ಎರಡು ಮಳೆಗಾಲ ಹೋಗಬೇಕು. ಕೋಳಿಮರಿ ಎತ್ತಲು ಬಂದ ಹದ್ದು ಎಂದು ಕಲ್ಲು ಹೆಕ್ಕುವ ಹುಡುಗರಿಗೆ ಮೊದಲು ಬಾಲ ನೋಡಲಿಕ್ಕೆ ಹೇಳಿ. ಗುಂಡಗಿದ್ದರೆ ಅದು ಮುಂದಿನ ಮಖೆಗೆ ಬರುವ ನೆಂಟ.